ಅಂಗಳದಲ್ಲಿ ಕಳೆದ 23 ದಿನ

ದೀಪಾವಳಿಗೆ ಅಕ್ಕನ ಮಗಳ ಫೋಟೋ ತೆಗೆದಿದ್ದೆ. ಅವಳಿಗೆ ಎರಡೂವರೆ ವರ್ಷ. ಫ್ಲ್ಯಾಶ್ ಬೆಳಕಿಗೆ ಒಂದು ಕಣ್ಣು ಕೆಂಪಗಿತ್ತು, ಇನ್ನೊಂದು ಬೆಳ್ಳಗೆ ಹೊಳೆಯುತ್ತಿತ್ತು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ಹಾಗೆ.

ಕಲಬುರಗಿಯ ಕಣ್ಣಿನ ಡಾಕ್ಟರು ಸ್ಕ್ಯಾನ್ ನೋಡಿ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಇದು ರೆಟಿನೋಬ್ಲಾಸ್ಟೊಮಾ, ಕಣ್ಣಿನೊಳಗಿನ ಕ್ಯಾನ್ಸರ್. ಐದು ವರ್ಷದೊಳಗಿನ ಮಕ್ಕಳಿಗೇ ಜಾಸ್ತಿ. ಗಡ್ಡೆ ಕಣ್ಣು ತುಂಬಿದೆ, ಕಣ್ಣು ತೆಗೆಸಿದರೆ ಮಗು ಉಳಿಯುತ್ತದೆ. ತಡ ಮಾಡಿದರೆ ನರ ಹಿಡಿದು ಮಿದುಳಿಗೆ ಹೋಗುತ್ತದೆ. ಹೈದರಾಬಾದಿಗೆ ಚೀಟಿ ಬರೆದುಕೊಟ್ಟರು.

ನಾವು ಹೋಗಲಿಲ್ಲ. ಶಹಾಪುರದ ಹತ್ತಿರದ ನಮ್ಮೂರಿಗೆ ವಾಪಸ್ ಬಂದೆವು.

ಇನ್ನೊಬ್ಬರಿಗೆ ತೋರಿಸೋಣ ಅಂದರು ಭಾವ. ನಾನೂ ಹೂಂ ಅಂದೆ. ಆಮೇಲೆ ಯಾರೋ ಹೇಳಿದ ಸೊಪ್ಪಿನ ರಸ. ಶರಣಬಸವೇಶ್ವರರಿಗೆ ಹರಕೆ ಹೊತ್ತೆವು. ಹರಕೆ ಹೊತ್ತೇ ರೈಲು ಹತ್ತಬಹುದಿತ್ತು. ಹತ್ತಿ ಬಿಡಿಸುವ ಕಾಲ ಬೇರೆ, ಕೂಲಿ ಬಿಟ್ಟರೆ ಖರ್ಚಿಗೆ ಎಲ್ಲಿಂದ ತರೋದು? ಮಗುವಿಗೆ ನೋವೂ ಇರಲಿಲ್ಲ. ಅಂಗಳದ ಹತ್ತಿ ರಾಶಿಯ ಮೇಲೆ ಉರುಳಾಡಿ ನಗುತ್ತಿದ್ದಳು. ಹಾಗೆ ಆಡುವ ಮಗುವಿನ ಕಣ್ಣು ತೆಗೆಸಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಇಪ್ಪತ್ತಮೂರನೇ ದಿನ ಸಂಜೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಅತ್ತೆ ಮತ್ತೆ ಅದೇ ಮಾತು ತೆಗೆದರು. "ಹೆಣ್ಣಕೂಸು. ಕಣ್ಣ ತೆಗಿಸಿದ್ರ ನಾಳಿ ಯಾರ್ ಮಾಡ್ಕೋತಾರ?"

ಅಕ್ಕನ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದರೂ ತಿರುವಲಿಲ್ಲ.

"ಕೂಸ ಉಳದ್ರ ಅಲ್ಲೇನ್ರಿ ಅತ್ತಿ, ಮದಿವಿ ಮಾತು?"

ಆ ರಾತ್ರಿಯೇ ಯಾದಗಿರಿ ಸ್ಟೇಷನ್‌ಗೆ ಹೊರಟೆವು.

ವಾರ್ಡಿನಲ್ಲಿ ನಮ್ಮ ಹಾಗೇ ತಡವಾಗಿ ಬಂದವರೇ ಜಾಸ್ತಿ. ಬೀದರ್ ಕಡೆಯ ಒಬ್ಬ ಹುಡುಗನ ಕಣ್ಣು ಊದಿ ರೆಪ್ಪೆ ದಾಟಿ ಹೊರಗೆ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ 30 ಮಕ್ಕಳೂ ಉಳಿಯುವುದಿಲ್ಲ. ಆ ಅಂತರದಲ್ಲಿ ನಮ್ಮ ಮನೆಯ 23 ದಿನವೂ ಇದೆ.

ಆಪರೇಷನ್ ಆಯಿತು. ತೆಗೆದ ಕಣ್ಣನ್ನು ಲ್ಯಾಬ್‌ಗೆ ಕಳಿಸಿದ್ದರು. ಕ್ಯಾನ್ಸರ್ ನರದೊಳಗೆ ಸ್ವಲ್ಪ ಇಳಿದಿತ್ತು, ಆರು ಸಲ ಕೀಮೋ ಕೊಡಬೇಕು ಅಂದರು.

"ಮೊದಲೇ ಬಂದಿದ್ದರೆ?" ಅಂತ ಕೇಳಿದೆ.

"ಅದನ್ನು ಹೇಳೋಕಾಗಲ್ಲ" ಅಂದರು ಡಾಕ್ಟರ್.

ನಾಲ್ಕು ಕೀಮೋ ಮುಗಿದಿವೆ. ಸೋಮವಾರ ಮತ್ತೆ ಹೋಗಬೇಕು. ಈಗ ಪ್ಲಾಸ್ಟಿಕ್ ಕಣ್ಣು ಹಾಕಿದ್ದಾರೆ. ದಿನಾ ಬೆಳಿಗ್ಗೆ ಅತ್ತೆಯೇ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನರ್ಸ್ ಹೇಳಿಕೊಟ್ಟ ಹಾಗೆ, ಒದ್ದೆ ಬಟ್ಟೆಯಿಂದ ಮೂಗಿನ ಕಡೆಗೆ ಮೆಲ್ಲಗೆ ಒರೆಸುತ್ತಾರೆ.