ಆಡಿಟ್ ಕಚೇರಿಯ ವೈಫೈ ಪ್ರಿಂಟರ್ ಮತ್ತು ಪಿಂಗ್ ಕೊಟ್ಟ ಉತ್ತರ

ದಾವಣಗೆರೆಯ ಸಣ್ಣ ಕಚೇರಿಗಳ ಕಂಪ್ಯೂಟರ್ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ನೋಡಿಕೊಳ್ಳುವುದು ನನ್ನ ಕೆಲಸ. ಆಡಿಟರ್‌ಗಳು, ವಕೀಲರು, ಮೆಕ್ಕೆಜೋಳದ ದಲಾಲಿ ಅಂಗಡಿಗಳು, ಒಂದೆರಡು ನರ್ಸಿಂಗ್ ಹೋಂ. ಬರುವ ಕಾಲ್‌ಗಳಲ್ಲಿ ಬಹುಪಾಲು ಪ್ರಿಂಟರ್‌ದೇ. ಎಲ್ಲರದ್ದೂ ಒಂದೇ ಮಾತು: "ಪ್ರಿಂಟರ್ ಕೆಟ್ಟೈತ್ರಿ, ಬೇಗ ಬರ್ರಿ." ಹೋಗಿ ನೋಡಿದರೆ ಪ್ರಿಂಟರ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಅದಕ್ಕೆ ಹೋಗುವ ದಾರಿ ತಪ್ಪಿರುತ್ತದೆ. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ, ಟ್ಯಾಕ್ಸ್ ಆಡಿಟ್ ಗಡುವಿನ ಹೊತ್ತಿಗೆ, ಒಂದು ಆಡಿಟ್ ಕಚೇರಿಯಲ್ಲಿ ಹೀಗೇ ಆಯಿತು. ಅಲ್ಲಿ ಕಳೆದ ಆ ಒಂದು ಗಂಟೆ ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಆ ಕಚೇರಿಯಲ್ಲಿ ಮೊದಲು ಪ್ರಿಂಟರ್ ಇದ್ದದ್ದು ರಿಸೆಪ್ಷನ್ ಮೇಡಂ ಸಿಸ್ಟಂಗೆ, ಯುಎಸ್‌ಬಿಯಲ್ಲಿ. ಅಲ್ಲಿಂದ ಉಳಿದವರಿಗೆ ಶೇರ್. ಮೇಡಂ ಊಟಕ್ಕೆ ಎದ್ದಾಗ ಸಿಸ್ಟಂ ಸ್ಲೀಪಿಗೆ ಹೋದರೆ ಇಡೀ ಕಚೇರಿಗೆ ಪ್ರಿಂಟ್ ಇಲ್ಲ. ಅವರು ರಜೆ ಹಾಕಿದರೆ ಪಾಸ್‌ವರ್ಡ್ ಕೇಳಲು ಮನೆಗೆ ಫೋನ್. 2021ರ ಜುಲೈನಲ್ಲಿ ಸ್ಪೂಲರ್‌ನ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸ್ ಭಾಗ) ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಹೊರಬಿದ್ದ ಮೇಲೆ ವಿಂಡೋಸ್‌ನಲ್ಲಿ ಪ್ರಿಂಟರ್ ಶೇರಿಂಗ್ ಬಿಗಿಯಾಗುತ್ತಾ ಬಂತು. ಆಗಸ್ಟ್ ಅಪ್‌ಡೇಟ್ ಆದ ಮೇಲೆ ಶೇರ್ ಆದ ಪ್ರಿಂಟರ್‌ನ ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕಾಯಿತು. ಸೆಪ್ಟೆಂಬರ್ ಅಪ್‌ಡೇಟ್ ಆದ ಮೇಲೆ 11ಬಿ ಎಂದು ಮುಗಿಯುವ ಎರರ್ ಊರೆಲ್ಲ ಬಂತು. ರಿಜಿಸ್ಟ್ರಿಯಲ್ಲಿ ಒಂದು ವ್ಯಾಲ್ಯೂ ಸೊನ್ನೆ ಮಾಡಿದರೆ ಸರಿಹೋಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಎಲ್ಲರೂ ಹಂಚಿಕೊಂಡರು. ಅದು ಸರಿಪಡಿಸುವ ಕೆಲಸ ಅಲ್ಲ, ಹಾಕಿದ ಬೀಗವನ್ನು ತೆಗೆದಿಡುವ ಕೆಲಸ. ಜನರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡಿರುವ ಕಚೇರಿಯಲ್ಲಿ ಅದನ್ನು ಮಾಡಲು ನನಗೆ ಮನಸ್ಸು ಒಪ್ಪಲಿಲ್ಲ. "ಸರ್, ವೈಫೈ ಪ್ರಿಂಟರ್ ತಗೊಳ್ಳಿ, ಎಲ್ಲಾ ಸಿಸ್ಟಂನಿಂದ ನೇರ ಅದಕ್ಕೇ ಕೊಡೋಣ" ಅಂದೆ. ಒಪ್ಪಿಗೆ ಸಿಗಲು ಬಹಳ ಕಾಲ ಹಿಡಿಯಿತು. ಹಳೇ ಪ್ರಿಂಟರ್‌ನ ಡ್ರಮ್ ಹೋದ ಮೇಲೆ ಕೊನೆಗೂ ಒಂದು ಆಲ್ ಇನ್ ಒನ್ ಲೇಸರ್ ಬಂತು.

ಸೆಟಪ್ ದಿನ ಮೊದಲು ಕೈಕೊಟ್ಟದ್ದು ಎರಡು ರೂಟರ್. ಫೈಬರ್ ಡಬ್ಬಿ ಸರ್ ಕ್ಯಾಬಿನ್‌ನಲ್ಲಿ. ಹಿಂದಿನ ಹಾಲ್‌ಗೆ ಸಿಗ್ನಲ್ ಸಾಲದೆಂದು ಯಾರೋ ಇನ್ನೊಂದು ರೂಟರ್ ಎಳೆದು, ವ್ಯಾನ್ ಪೋರ್ಟ್‌ಗೆ (ಹೊರಗಿನ ಇಂಟರ್‌ನೆಟ್ ಬರುವ ಕಿಂಡಿ) ಕೇಬಲ್ ಚುಚ್ಚಿ ಹೋಗಿದ್ದರು. ಮುಂದಿನವರ ವಿಳಾಸ 192.168.1 ಎಂದು ಶುರು, ಹಿಂದಿನವರದ್ದು 192.168.0 ಎಂದು, ಅಂದರೆ ಎರಡು ಬೇರೆ ನೆಟ್‌ವರ್ಕ್. ಇಂಟರ್‌ನೆಟ್ ಎರಡೂ ಕಡೆ ಬರುವುದರಿಂದ ಯಾರಿಗೂ ಅನುಮಾನವಿಲ್ಲ. ಆದರೆ ಹಾಲ್‌ನ ರೂಟರ್‌ಗೆ ಸೇರಿದ ಪ್ರಿಂಟರ್ ಮುಂದಿನ ಸಿಸ್ಟಂಗಳಿಗೆ ಕಾಣುವುದೇ ಇಲ್ಲ. ಹಿಂದಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಸ್ವಂತ ನೆಟ್‌ವರ್ಕ್ ಮಾಡದೆ ಸಿಗ್ನಲ್ ಮಾತ್ರ ಹಂಚುವ ರೀತಿ) ತಂದ ಮೇಲೆ ಎಲ್ಲರೂ ಒಂದೇ ನೆಟ್‌ವರ್ಕ್‌ಗೆ ಬಂದರು.

ನಂತರ ಪಾಸ್‌ವರ್ಡ್. ಪ್ರಿಂಟರ್‌ಗೆ ಇರುವುದು ಎರಡು ಸಾಲಿನ ಪುಟ್ಟ ಸ್ಕ್ರೀನ್, ಮೇಲೆ ಕೆಳಗೆ ಬಾಣದ ಗುಂಡಿ. ಪ್ರತಿ ಅಕ್ಷರಕ್ಕೂ ಸಣ್ಣ ಎಬಿಸಿಡಿ ದಾಟಿ, ದೊಡ್ಡ ಎಬಿಸಿಡಿ ದಾಟಿ, ಅಂಕಿ ದಾಟಿ ಹೋಗಬೇಕು. ಬೆರಳು ಒಂದು ಸಲ ಹೆಚ್ಚು ಒತ್ತಿದರೆ ಅಕ್ಷರ ಜಾರಿ ಮುಂದೆ ಹೋಗುತ್ತದೆ, ಮತ್ತೆ ಸುತ್ತು. ಟೈಪ್ ಮಾಡಿದ್ದು ನಕ್ಷತ್ರವಾಗಿ ಮರೆಯಾಗುವುದರಿಂದ ತಪ್ಪಿದ್ದು ಎಲ್ಲಿ ಅಂತಲೂ ಗೊತ್ತಾಗದು. ಇಂಥ ಪ್ರಿಂಟರ್‌ಗಳು ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರ್‌ನಲ್ಲಿ ಡಬ್ಲ್ಯುಪಿಎ3 (ವೈಫೈನ ಹೊಸ ಭದ್ರತಾ ವಿಧಾನ) ಮಾತ್ರ ಅಂತ ಇಟ್ಟಿದ್ದರೆ ಹಳೇ ಮಾಡೆಲ್‌ಗಳು ಸೇರುವುದೇ ಇಲ್ಲ. ಇವೆಲ್ಲ ಸರಿಮಾಡಿ, ಎಲ್ಲಾ ಸಿಸ್ಟಂಗಳಲ್ಲೂ ಪ್ರಿಂಟರ್‌ನ ಐಪಿ (ನೆಟ್‌ವರ್ಕ್ ವಿಳಾಸ) 192.168.1.4 ಎಂದು ಟಿಸಿಪಿ ಐಪಿ ಪೋರ್ಟ್ ಹಾಕಿ, ಟೆಸ್ಟ್ ಪೇಜ್ ತೆಗೆದು, ಕಾಲ್ ಕ್ಲೋಸ್ ಮಾಡಿದೆ. ಆ 4 ಅನ್ನುವುದು ರೂಟರ್ ತಾನಾಗಿ ಕೊಟ್ಟ ಅಂಕಿ. ಅದು ಪ್ರಿಂಟರ್‌ಗೇ ಅಂತ ರೂಟರ್‌ನಲ್ಲಿ ರಿಸರ್ವ್ ಮಾಡಿರಲಿಲ್ಲ.

ವಾರಗಟ್ಟಲೆ ಚೆನ್ನಾಗಿ ಓಡಿತು. ಆರ್ಟಿಕಲ್ ಹುಡುಗರಂತೂ (ಸಿಎ ಓದುತ್ತಾ ಕಚೇರಿಯಲ್ಲಿ ತರಬೇತಿಗಿರುವವರು) ಮೊಬೈಲ್‌ನಿಂದಲೇ ಪ್ರಿಂಟ್ ಕೊಡಲು ಶುರು ಮಾಡಿದರು. ಒಮ್ಮೆ ಒಂದು ಸಹಕಾರ ಸಂಘದ ಮಹಾಸಭೆ ನೋಟಿಸ್ ಮೊಬೈಲ್‌ನಿಂದ ಕೊಟ್ಟಾಗ ಹಾಳೆ ತುಂಬ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಬಂತು. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲು. ಆ ಫಾಂಟ್ ಮೊಬೈಲ್‌ನಲ್ಲಿ ಇಲ್ಲದಿದ್ದರೆ ಕನ್ನಡ ಮೂಡುವುದಿಲ್ಲ. ಕನ್ನಡ ಫೈಲ್ ಯಾವುದೇ ಇರಲಿ, ಟೈಪ್ ಮಾಡಿದ ಸಿಸ್ಟಂನಲ್ಲೇ ಪಿಡಿಎಫ್ ಮಾಡಿ ಕಳಿಸಿ ಅಂತ ಎಲ್ಲರಿಗೂ ಹೇಳಿಬಂದೆ.

ಸೆಪ್ಟೆಂಬರ್‌ನ ಆ ಮಧ್ಯಾಹ್ನ ಕರೆಂಟು ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು, ಕೋಟೇಶನ್ ಕೊಟ್ಟರೂ ಆಮೇಲೆ ನೋಡೋಣ ಅಂದಿದ್ದರು. ಹಾಗಾಗಿ ರೂಟರೂ ಆರಿತ್ತು. ಸ್ವಲ್ಪ ಹೊತ್ತಿಗೆ ಕಾಲ್: "ಯಾವ ಸಿಸ್ಟಂನಿಂದಲೂ ಪ್ರಿಂಟ್ ಹೋಗವಲ್ದು, ಎಲ್ಲಾ ಕಡೆ ಆಫ್‌ಲೈನ್." ಹೋದಾಗ ರಿಸೆಪ್ಷನ್‌ನಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಮೊಬೈಲ್ ನೋಡುತ್ತಾ ಕೂತಿದ್ದರು. ಬ್ಯಾಂಕ್‌ನಲ್ಲಿ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ರಿನ್ಯೂವಲ್‌ಗೆ ಸಹಿ, ಸೀಲು ಹಾಕಿದ ಬ್ಯಾಲೆನ್ಸ್ ಶೀಟ್ ಎರಡು ಸೆಟ್ ಅವತ್ತೇ ಕೊಡಬೇಕಿತ್ತು. ಗಂಟೆ ಮೂರಕ್ಕೆ ಹತ್ತಿರ.

ಮೊದಲು ಪಿಂಗ್ ಹಾಕಿದೆ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಎಂದು ಕೂಗಿ ನೋಡಿದೆ. 192.168.1.4 ಉತ್ತರ ಕೊಟ್ಟಿತು. ನನ್ನ ಲೆಕ್ಕವೆಲ್ಲ ತಪ್ಪು ದಾರಿ ಹಿಡಿದದ್ದು ಅಲ್ಲಿಂದ. ಪಿಂಗ್ ಬರುತ್ತಿದೆ ಅಂದರೆ ನೆಟ್‌ವರ್ಕ್ ಸರಿ ಇದೆ, ನೆಟ್‌ವರ್ಕ್ ಸರಿ ಇದ್ದರೆ ದೋಷ ಸ್ಪೂಲರ್‌ನಲ್ಲೋ ಡ್ರೈವರ್‌ನಲ್ಲೋ ಇರಬೇಕು. ಉತ್ತರ ಬರುವ ಹೊತ್ತು ಮಾತ್ರ ಒಮ್ಮೆ 5 ಮಿಲಿಸೆಕೆಂಡ್, ಒಮ್ಮೆ 180, ಮತ್ತೆ 90 ಅಂತ ಕುಣಿಯುತ್ತಿತ್ತು. ಸುಮ್ಮನೆ ಕೂತಿರುವ ಪ್ರಿಂಟರ್ ಸಾಮಾನ್ಯವಾಗಿ ಹಾಗೆ ಕುಣಿಯುವುದಿಲ್ಲ. ಪವರ್ ಉಳಿಸಲು ಆಗಾಗ ಕಣ್ಣುಮುಚ್ಚುವ ಮೊಬೈಲ್ ಹಾಗೆ ಮಾಡುತ್ತದೆ. ಆ ಅಂಕಿಗಳು ಕಣ್ಣ ಮುಂದೆಯೇ ಇದ್ದವು.

ಸ್ಪೂಲರ್ ನಿಲ್ಲಿಸಿ, ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ, ಮತ್ತೆ ಚಾಲೂ ಮಾಡಿದೆ. ಇಲ್ಲ. ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ಪೋರ್ಟ್ ಸೇರಿಸುವಾಗ ವಿಂಡೋಸ್ ಸ್ಪಷ್ಟವಾಗಿ ಹೇಳಿತು, ಈ ವಿಳಾಸದಲ್ಲಿ ಡಿವೈಸ್ ಸಿಗುತ್ತಿಲ್ಲ, ಹೆಚ್ಚಿನ ವಿವರ ಬೇಕು ಅಂತ. ಪಿಂಗ್ ಬರುತ್ತಿದೆಯಲ್ಲ ಎಂದು ಜೆನೆರಿಕ್ ನೆಟ್‌ವರ್ಕ್ ಕಾರ್ಡ್ ಆರಿಸಿ ಮುಂದೆ ಹೋದೆ. ಟೆಸ್ಟ್ ಪೇಜ್ ಕ್ಯೂನಲ್ಲೇ ಕೂತಿತು. ಯುಎಸ್‌ಬಿ ಹಾಕಿ ಒಂದು ಸಿಸ್ಟಂನಿಂದಾದರೂ ತೆಗೆಯೋಣವೆಂದು ಹುಡುಕಿದರೆ ಇಡೀ ಕಚೇರಿಯಲ್ಲಿ ಪ್ರಿಂಟರ್ ಕೇಬಲ್ ಇಲ್ಲ. ಪ್ರಿಂಟರ್ ಬೆನ್ನಲ್ಲಿ ಯುಎಸ್‌ಬಿ ಕಿಂಡಿಗೆ ಅಂಟಿಸಿದ ಕಾರ್ಖಾನೆಯ ಸ್ಟಿಕರ್ ಹಾಗೇ ಇತ್ತು.

ಕ್ಯಾಬಿನ್ ಬಾಗಿಲು ತೆಗೆದು ಸರ್ ಬಂದರು. "ಏನಪ್ಪಾ, ಎಷ್ಟೊತ್ತು ಇನ್ನೂ? ಅವರು ಬ್ಯಾಂಕಿಗೆ ಹೋಗಬೇಕು." ವ್ಯಾಪಾರಿ ಒಂದು ಮಾತೂ ಆಡಲಿಲ್ಲ, ಗೋಡೆ ಗಡಿಯಾರ ನೋಡಿದರು. ಬೈದಿದ್ದರೇ ವಾಸಿ ಇತ್ತು. ಕೈ ಬೆವತು ಮೌಸ್ ಜಾರುತ್ತಿತ್ತು.

ಆಗ ಆರ್ಟಿಕಲ್ ಹುಡುಗ ಒಬ್ಬ, "ಅಣ್ಣ, ನನ್ನ ಮೊಬೈಲ್‌ನಿಂದ ಈಗ ಒಂದು ಪ್ರಿಂಟ್ ಬಂತಲ್ಲ" ಅಂದ. ಕೈಯಲ್ಲಿ ಬೆಚ್ಚನೆಯ ಹಾಳೆ. ಅದನ್ನು ನೋಡಿದ ಕೂಡಲೇ ಎಲ್ಲವೂ ಬಿಡಿಸಿಕೊಂಡಿತು. ಮೊಬೈಲ್ ಪ್ರಿಂಟರನ್ನು ಅಂಕಿಯಿಂದ ಹುಡುಕುವುದಿಲ್ಲ. ಪ್ರಿಂಟರ್ ಯಾರಿದ್ದೀರಿ ಎಂದು ನೆಟ್‌ವರ್ಕ್‌ಗೆಲ್ಲ ಕೂಗುತ್ತದೆ, ಪ್ರಿಂಟರ್ ತಾನು ಆಗ ಇರುವ ವಿಳಾಸ ಹೇಳುತ್ತದೆ. ನಾನು ಹಾಕಿದ ಪೋರ್ಟ್ ಹಾಗಲ್ಲ, ಬರೆದಿಟ್ಟ ಅಂಕಿಗೇ ಹೋಗಿ ಬಾಗಿಲು ತಟ್ಟುತ್ತದೆ. ಪ್ರಿಂಟರ್‌ನಿಂದ ಕಾನ್ಫಿಗರೇಶನ್ ಪೇಜ್ ತೆಗೆದೆ. ವಿಳಾಸ 192.168.1.11.

ಮೊದಲು ಮಾಡಿದ್ದು ವ್ಯಾಪಾರಿಯ ಕೆಲಸ. ಬ್ಯಾಲೆನ್ಸ್ ಶೀಟ್‌ನ ಪಿಡಿಎಫ್ ಹುಡುಗನ ವಾಟ್ಸಾಪ್‌ಗೆ ಹಾಕಿಸಿ ಮೊಬೈಲ್‌ನಿಂದಲೇ ಎರಡು ಸೆಟ್ ತೆಗೆಸಿದೆ. ಸರ್ ನಿಂತಲ್ಲೇ ಸಹಿ ಹಾಕತೊಡಗಿದರು. ಅಷ್ಟರಲ್ಲಿ 4ರಲ್ಲಿ ಕೂತಿರುವವರು ಯಾರು ಅಂತ ನೋಡಲು ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಸಾಧನದ್ದು ಎಂದು ತೋರಿಸುವುದು) ತೆಗೆದೆ. ಮ್ಯಾಕ್ ವಿಳಾಸದ (ಸಾಧನದ ನೆಟ್‌ವರ್ಕ್ ಗುರುತು) ಎರಡನೇ ಅಕ್ಷರ ಎ. ಆ ಜಾಗದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಕಂಪನಿ ಅಚ್ಚೊತ್ತಿದ ಮ್ಯಾಕ್ ಅಲ್ಲ, ತಾನೇ ಸೃಷ್ಟಿಸಿಕೊಂಡದ್ದು. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಮೊಬೈಲ್‌ಗಳು ವೈಫೈಗೆ ಇಂಥ ಮ್ಯಾಕ್ ಕೊಡುತ್ತವೆ. ಅನುಮಾನ ಬಂದು, "ಸ್ವಲ್ಪ ವೈಫೈ ಆಫ್ ಮಾಡ್ತೀರಾ ಸರ್?" ಅಂತ ವ್ಯಾಪಾರಿಯನ್ನೇ ಕೇಳಿದೆ. ಅವರು ಆಫ್ ಮಾಡಿದರು. ಸ್ಕ್ರೀನ್ ಮೇಲೆ ಪಿಂಗ್ ನಿಂತಿತು.

ಆದದ್ದು ಇಷ್ಟು. ಕರೆಂಟು ಹೋದಾಗ ವೋಲ್ಟೇಜ್ ಏರುಪೇರಿಗೆ ಹೆದರಿ ಯಾರೋ ಪ್ರಿಂಟರ್ ಸ್ವಿಚ್ ಆಫ್ ಮಾಡಿದ್ದರು, ಹಾಕಿದ್ದು ತಡವಾಗಿ. ರೂಟರ್ ಎದ್ದಾಗ ಯಾರಿಗೆ ಯಾವ ಅಂಕಿ ಕೊಟ್ಟಿದ್ದೆ ಎಂಬ ಪಟ್ಟಿ ಅದರ ನೆನಪಿನಲ್ಲಿ ಇರಲಿಲ್ಲ. ಅವತ್ತೇ ಮೊದಲ ಸಲ ಪಾಸ್‌ವರ್ಡ್ ಪಡೆದ ವ್ಯಾಪಾರಿಯ ಮೊಬೈಲ್‌ಗೆ ಖಾಲಿ ಇದ್ದ 4 ಸಿಕ್ಕಿತು. ಪ್ರಿಂಟರ್ ಬಂದಾಗ ಅದರ ಜಾಗ ಹೋಗಿತ್ತು. ಕಚೇರಿಯ ಎಲ್ಲಾ ಸಿಸ್ಟಂಗಳೂ ಅವರ ಬ್ಯಾಲೆನ್ಸ್ ಶೀಟನ್ನು ಅವರದೇ ಮೊಬೈಲ್‌ಗೆ ಕಳಿಸಲು ಹೆಣಗುತ್ತಿದ್ದವು.

ಅವತ್ತೇ ಸಂಜೆ ರೂಟರ್‌ನ ಡಿಎಚ್‌ಸಿಪಿ ವ್ಯಾಪ್ತಿಯನ್ನು (ರೂಟರ್ ತಾನಾಗಿ ಹಂಚುವ ಅಂಕಿಗಳು) 100ರಿಂದ 200ರವರೆಗೆ ಮಾತ್ರ ಎಂದು ಇಟ್ಟು, ಪ್ರಿಂಟರ್‌ನ ಮ್ಯಾಕ್‌ಗೆ 50 ರಿಸರ್ವ್ ಮಾಡಿದೆ. ಆ ರೂಟರ್ ವ್ಯಾಪ್ತಿಯ ಹೊರಗಿನ ಅಂಕಿಯನ್ನೂ ರಿಸರ್ವ್ ಮಾಡಲು ಬಿಡುತ್ತದೆ. ಬಿಡದಿದ್ದರೆ ಒಳಗಿನ ಒಂದನ್ನು ಹಿಡಿದರೂ ನಡೆಯುತ್ತದೆ. ಕೆಲವರು ಪ್ರಿಂಟರ್‌ನಲ್ಲೇ ಸ್ಟ್ಯಾಟಿಕ್ (ಬದಲಾಗದ) ಐಪಿ ಹಾಕುತ್ತಾರೆ. ಅದೂ ಸರಿ, ಆದರೆ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯೊಳಗಿನ ಅಂಕಿ ಹಾಕಿದರೆ ಒಂದಲ್ಲ ಒಂದು ದಿನ ಇನ್ನೊಬ್ಬರಿಗೂ ಅದೇ ಹೋಗಬಹುದು. ಇಂಟರ್‌ನೆಟ್‌ನವರು ಡಬ್ಬಿ ಬದಲಿಸಿದರೆ ರಿಸರ್ವೇಶನ್ ಅಳಿಸಿಹೋಗುತ್ತದೆ, ಹೊಸ ಡಬ್ಬಿ 192.168.29 ಎಂದು ಶುರುವಾದರೆ ಸ್ಟ್ಯಾಟಿಕ್ ಕೂಡ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಐಪಿ, ಮ್ಯಾಕ್, ಯಾವ ರೂಟರ್ ಅನ್ನುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪ್ರಿಂಟರ್ ಬೆನ್ನಿಗೆ ಟೇಪ್ ಹಾಕಿದ್ದೇನೆ. ನಾನೇ ಬರಬೇಕೆಂದಿಲ್ಲ, ಯಾರು ಬಂದರೂ ಓದಿಕೊಳ್ಳಲಿ.

ಈಗ ಎಲ್ಲಿಂದ ಕಾಲ್ ಬಂದರೂ ಗಾಡಿ ಹತ್ತುವ ಮುಂಚೆ ಫೋನ್‌ನಲ್ಲೇ ಕೇಳುತ್ತೇನೆ: ಕರೆಂಟ್ ಹೋಗಿತ್ತಾ? ಮೊಬೈಲ್‌ನಿಂದ ಪ್ರಿಂಟ್ ಬರ್ತದಾ? ಪ್ರಿಂಟರ್‌ನ ಐಪಿಯನ್ನು ಬ್ರೌಸರ್‌ನಲ್ಲಿ ಹೊಡೆದರೆ ಪ್ರಿಂಟರ್‌ನ ಪೇಜ್ ತೆರೆಯುತ್ತದಾ? ಮೂರನೆಯದು ಪಿಂಗ್‌ಗಿಂತ ನಂಬಿಕೆಯದು. ಪಿಂಗ್‌ಗೆ ಯಾರು ಬೇಕಾದರೂ ಓಗೊಡುತ್ತಾರೆ, ಟೋನರ್ ಮಟ್ಟ ತೋರಿಸುವ ಪೇಜ್ ಪ್ರಿಂಟರ್ ಮಾತ್ರ ಕೊಡುತ್ತದೆ. ಜೊತೆಗೆ ಪ್ರತಿ ಕಚೇರಿಯ ಡ್ರಾಯರ್‌ನಲ್ಲೂ ಒಂದು ಯುಎಸ್‌ಬಿ ಕೇಬಲ್ ಇಡಿಸಿದ್ದೇನೆ.

ಯುಪಿಎಸ್ ಬ್ಯಾಟರಿ ಆ ವಾರವೇ ಬಂತು. ರೂಟರ್, ಸಿಸ್ಟಂ ಮಾತ್ರ ಅದಕ್ಕೆ, ಲೇಸರ್ ಪ್ರಿಂಟರ್ ಬೇಡ ಅಂತ ಒತ್ತಿ ಹೇಳಿದೆ. 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಲೇಸರ್‌ನ ಫ್ಯೂಸರ್ (ಟೋನರನ್ನು ಹಾಳೆಗೆ ಕರಗಿಸಿ ಅಂಟಿಸುವ ಭಾಗ) ಬಿಸಿಯಾಗುವಾಗ ಅದಕ್ಕಿಂತ ಬಹಳ ಹೆಚ್ಚು ಕೇಳುತ್ತದೆ, ಯುಪಿಎಸ್ ಟ್ರಿಪ್ ಆಗಿ ಟ್ಯಾಲಿ ತೆರೆದಿದ್ದ ಸಿಸ್ಟಂಗಳೂ ಜೊತೆಗೇ ಆರುತ್ತವೆ.

ಒಂದು ವಿಷಯದಲ್ಲಿ ಮಾತ್ರ ಸರ್ ಇನ್ನೂ ಒಪ್ಪಿಲ್ಲ. ಬಂದ ಕ್ಲೈಂಟ್‌ಗಳಿಗೆ ಕಚೇರಿಯ ಪಾಸ್‌ವರ್ಡನ್ನೇ ಕೊಡುತ್ತಾರೆ. ಗೆಸ್ಟ್ ವೈಫೈ ಹಾಕೋಣ, ಅದರಲ್ಲಿ ಇಂಟರ್‌ನೆಟ್ ಸಿಗುತ್ತದೆ, ಪ್ರಿಂಟರೂ ಸಿಸ್ಟಂಗಳೂ ಕಾಣುವುದಿಲ್ಲ ಅಂದರೆ, "ವರ್ಷಗಟ್ಟಲೆ ಬರೋರು, ಬೇರೆ ಮಾಡಿದ್ರೆ ಬೇಜಾರಾಗ್ತಾರೆ" ಅನ್ನುತ್ತಾರೆ. ಒಬ್ಬ ಕ್ಲೈಂಟ್‌ನ ಮೊಬೈಲ್‌ನಲ್ಲಿ ಏನಿದೆ ಅಂತ ನಮಗೆ ಗೊತ್ತಿಲ್ಲ. ಅದೇ ನೆಟ್‌ವರ್ಕ್‌ನಲ್ಲಿ ಉಳಿದೆಲ್ಲಾ ಕ್ಲೈಂಟ್‌ಗಳ ಟ್ಯಾಲಿ ಡೇಟಾ ಶೇರ್ ಫೋಲ್ಡರ್‌ನಲ್ಲಿದೆ. ಪ್ರಿಂಟ್ ತಡವಾದರೆ ಒಂದು ಮಧ್ಯಾಹ್ನ ಹೋಗುತ್ತದೆ, ಆ ಡೇಟಾ ಹೋದರೆ ತಿರುಗಿ ಬರುವುದಿಲ್ಲ. ಮುಂದಿನ ಎಎಂಸಿ ವಿಸಿಟ್‌ನಲ್ಲಿ ಇದನ್ನು ಮತ್ತೆ ಕೇಳುತ್ತೇನೆ, ಈ ಸಲ ಬರವಣಿಗೆಯಲ್ಲಿ ಕೊಡುತ್ತೇನೆ.