ಸೇಲಂನ ಕಲ್ಲು, ಮಹಾಲಯದ ಪಟ್ಟಿ

28 ಸೆಪ್ಟೆಂಬರ್ 2024, ಶನಿವಾರ

ಬೆಳಿಗ್ಗೆ ಎಂಟಕ್ಕೆಲ್ಲ ಬೀಗಿತ್ತಿ ಕಾರು ತಂದು ಬಾಗಿಲಿಗೆ ನಿಲ್ಲಿಸಿದ್ದರು. ಕೈಯಲ್ಲಿ ಅದೇ ಹಸಿರು ರಟ್ಟಿನ ನೋಟ್‌ಬುಕ್, ಹಿಂದಿನ ಸೀಟಿನಲ್ಲಿ ಮೊಣಕಾಲುದ್ದದ ಒಂದು ಕನ್ನಡಿ. ನಾನು ಮಗನ ಮನೆಗೆ ಬಂದು ಮೂರು ತಿಂಗಳಾಯಿತು. ಅಂದಿನಿಂದ ನಮ್ಮಿಬ್ಬರ ಶನಿವಾರಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಳೆಯ ಸ್ಮಶಾನಗಳಲ್ಲಿಯೇ ಕಳೆಯುತ್ತಿವೆ. ಸೊಸೆಯ ತಾಯಿ ಅವರು. ಅವರಿಗೆ ಎಪ್ಪತ್ತೆರಡು, ನನಗೆ ಅರವತ್ತೆಂಟು. ಇವತ್ತು ಸೇಲಂಗೆ ಹೋಗಿ ಬಂದೆವು. ಬಂದವಳು ಕೈಕಾಲು ತೊಳೆದು ಕೂತರೂ ಮನಸ್ಸು ಅಲ್ಲಿಯೇ ಇದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಇದಕ್ಕೆಲ್ಲ ಕಾರಣ ಮೊಮ್ಮಗ. ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದರು. ನಮ್ಮ ಕಡೆಯ ಕೊಂಬೆ ಬೇಗ ಮುಗಿಯಿತು. ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ಹೆಸರು ಹೇಳುತ್ತೇವೆ. ಅಲ್ಲಿಂದ ಮುಂದೆ ಒಂದೇ ನೆಗೆತಕ್ಕೆ ಗೋತ್ರದ ಋಷಿಯನ್ನು ಮುಟ್ಟುತ್ತೇವೆ. ನಡುವಿನವರೆಲ್ಲ ಬೂದಿಯಾಗಿ ತುಂಗೆಯಲ್ಲಿ ಹರಿದುಹೋಗಿದ್ದಾರೆ. ಬೀಗಿತ್ತಿಯ ಕೊಂಬೆಯೋ ಕಾಗದದ ಅಂಚು ದಾಟಿ, ಇನ್ನೊಂದು ಕಾಗದ ಅಂಟಿಸಿಕೊಂಡು, 1620ರಲ್ಲಿ ಇಂಗ್ಲೆಂಡ್‌ನಿಂದ ವಲಸಿಗರನ್ನು ಹೊತ್ತು ಬಂದ ಮೇಫ್ಲವರ್ ಹಡಗಿನವರೆಗೆ ಹೋಗುತ್ತದೆ ಎಂದು ಅವರ ಮನೆಯಲ್ಲಿ ಹೇಳಿಕೆ. ಹೇಳಿಕೆ ಮಾತ್ರ. ನಿಜವೋ ಅಲ್ಲವೋ ನೋಡಿಯೇಬಿಡೋಣ ಎಂದು ಅವರು ಹೊರಟರು, ನಾನೂ ಜೊತೆಯಾದೆ.

ಹುಡುಕುವುದಕ್ಕೆ ಇಲ್ಲೊಂದು ಶಿಸ್ತಿದೆ. ಹಡಗಿನಿಂದ ಕೆಳಗಿಳಿಯುತ್ತ ಬರುವಂತಿಲ್ಲ. ತನ್ನಿಂದಲೇ ಆರಂಭಿಸಿ ಒಂದೊಂದೇ ಮೆಟ್ಟಿಲು ಮೇಲೇರಬೇಕು. ಇವಳು ಇಂಥವರ ಮಗಳು ಎಂಬುದಕ್ಕೆ ಪ್ರತಿ ಮೆಟ್ಟಿಲಲ್ಲಿಯೂ ಕಾಗದವೋ ಕಲ್ಲೋ ಸಾಕ್ಷಿ ನುಡಿಯಬೇಕು. ಈ ರಾಜ್ಯದ ಬಹಳಷ್ಟು ಊರುಗಳ 1850ರವರೆಗಿನ ಜನನ, ಮದುವೆ, ಮರಣದ ದಾಖಲೆಗಳು ಊರಿಗೊಂದು ಪುಸ್ತಕವಾಗಿ ಅಚ್ಚಾಗಿವೆ. ಅದರಲ್ಲಿ ಕೆಲವು ಹೆಸರುಗಳ ಮುಂದೆ ‘ಜಿ.ಆರ್.’ ಎಂದಿರುತ್ತದೆ. ಈ ಸಂಗತಿ ಗೋರಿಕಲ್ಲಿನಿಂದ ತೆಗೆದದ್ದು ಎಂದು ಅದರ ಅರ್ಥ. ಯಾರೋ ಪುಣ್ಯಾತ್ಮರು ಹಿಂದೆಯೇ ಸ್ಮಶಾನಗಳನ್ನು ಸುತ್ತಿ, ಮಂಡಿಯೂರಿ ಓದಿ, ಬರೆದುಕೊಂಡಿದ್ದಾರೆ. ಈಗ ಅಕ್ಷರ ಸವೆದುಹೋದ ಕಲ್ಲುಗಳೂ ಆ ಪುಸ್ತಕದಿಂದ ಮಾತನಾಡುತ್ತವೆ.

ನಮ್ಮ ಏಣಿ ಮುರಿದದ್ದು ಹದಿನೆಂಟನೆಯ ಶತಮಾನದ ಒಬ್ಬ ಹೆಂಗಸಿನ ಬಳಿ. ಗಂಡನ ಹೆಸರಿತ್ತು, ಮಕ್ಕಳ ಹೆಸರಿತ್ತು, ತವರಿನ ಹೆಸರು ಮಾತ್ರ ಇರಲಿಲ್ಲ. ಮದುವೆಯಾದ ಹೆಣ್ಣಿನ ತವರು ದಾಖಲೆಯಿಂದ ಕಾಣೆಯಾಗುವುದರಲ್ಲಿ ಎಲ್ಲ ದೇಶಗಳೂ ಒಂದೇ. ಆಗಸ್ಟ್‌ನಲ್ಲಿ ಒಂದು ಸಣ್ಣ ಊರಿನ ಸ್ಮಶಾನದಲ್ಲಿ ಅವಳ ಕಲ್ಲು ಸಿಕ್ಕಿತು. ಕಪ್ಪು ಸ್ಲೇಟ್ ಕಲ್ಲು. ನಾವು ಬಳಪ ಹಿಡಿದು ಅ ಆ ಇ ಈ ತಿದ್ದಿದ ಸ್ಲೇಟಿನ ಜಾತಿಯದ್ದೇ. ಇನ್ನೂರು ಮುನ್ನೂರು ವರ್ಷ ಹಿಮ ತಿಂದರೂ ಸ್ಲೇಟಿನ ಕೆತ್ತನೆ ಚೂಪಾಗಿ ಉಳಿಯುತ್ತದೆ. ಅದರ ನಂತರ ಬಂದ ಅಮೃತಶಿಲೆಯ ಕಲ್ಲುಗಳು ಮಳೆಯ ಆಮ್ಲಕ್ಕೆ ಸಕ್ಕರೆಯಂತೆ ಕರಗುತ್ತಿವೆ. ನಮ್ಮ ಕಲ್ಲಿನ ಮೇಲೆ ಪಾಚಿ ಹಬ್ಬಿತ್ತು. ಸೀಮೆಸುಣ್ಣ ಉಜ್ಜುವುದು, ಶೇವಿಂಗ್ ಕ್ರೀಮ್ ಬಳಿಯುವುದು, ತಂತಿಯ ಬ್ರಷ್ಷಿನಿಂದ ಕೆರೆಯುವುದು ಕಲ್ಲಿಗೆ ವಿಷ. ಬೀಗಿತ್ತಿ ಕನ್ನಡಿಯಿಂದ ಬಿಸಿಲನ್ನು ಹಿಡಿದು ಕಲ್ಲಿನ ಮಗ್ಗುಲಿನಿಂದ ಓರೆಯಾಗಿ ಹಾಯಿಸಿದರು. ಪ್ರತಿ ಅಕ್ಷರದ ಗುಳಿಯಲ್ಲಿಯೂ ನೆರಳು ಕೂತಿತು. ಖಾಲಿ ಕಲ್ಲು ಕಣ್ಣೆದುರೇ ಪುಟವಾಯಿತು.

ನಾನು ಹೇಳುತ್ತ ಹೋದೆ, ಅವರು ಬರೆದುಕೊಳ್ಳುತ್ತ ಹೋದರು. ‘ವೈ’ ಮೇಲೆ ಸಣ್ಣ ‘ಇ’ ಇದ್ದರೆ ಅದನ್ನು ‘ಯಿ’ ಎಂದು ಓದಬಾರದು, ‘ದ’ ಎಂದೇ ಓದಬೇಕಂತೆ. ಅದು ಕಳೆದುಹೋದ ಒಂದು ಹಳೆಯ ಅಕ್ಷರದ ಗುರುತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಱ, ೞ ಅಕ್ಷರಗಳೂ ಹಾಗೆಯೇ ಕಲ್ಲುಗಳಲ್ಲಿ ಉಳಿದುಕೊಂಡಿವೆ. ‘ಕನ್ಸಾರ್ಟ್’ ಎಂದು ಕೆತ್ತಿದ್ದರೆ ನಮ್ಮ ಮಾತಿನಲ್ಲಿ ಮುತ್ತೈದೆಯಾಗಿ ಹೋದವಳು. ‘ರೆಲಿಕ್ಟ್’ ಎಂದಿದ್ದರೆ ಗಂಡನ ನಂತರ ಉಳಿದವಳು. ನಮ್ಮವಳು ರೆಲಿಕ್ಟ್. ಅದರ ಕೆಳಗಿನ ಸಾಲಿನಲ್ಲಿ, ಹುಲ್ಲಿಗೆ ತಾಗಿಕೊಂಡು, ಅವಳ ತಂದೆಯ ಹೆಸರಿತ್ತು. ಬೀಗಿತ್ತಿ ಕನ್ನಡಿಯನ್ನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

ಮನೆಗೆ ಬಂದು ನೋಡಿದರೆ ಇನ್ನೊಂದು ಗಂಟು. ಅವಳ ತಂದೆತಾಯಿಯರ ಮದುವೆ 1714ರ ಏಪ್ರಿಲ್‌ನಲ್ಲಿ, ಅವಳ ಜನನ 1714ರ ಫೆಬ್ರವರಿಯಲ್ಲಿ! ಬಿಡಿಸಿಕೊಟ್ಟದ್ದು ಪಂಚಾಂಗ. 1752ರವರೆಗೆ ಇಂಗ್ಲೆಂಡಿಗೂ ಅದರ ವಸಾಹತುಗಳಿಗೂ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಏಪ್ರಿಲ್ ಆದಮೇಲೆ ಬರುವ ಫೆಬ್ರವರಿಗೂ ಅದೇ 1714. ನಮ್ಮ ಲೆಕ್ಕದಲ್ಲಿ ಅದು 1715. ಎಚ್ಚರದ ಬರಹಗಾರರು 1714/15 ಎಂದು ಎರಡನ್ನೂ ಬರೆಯುತ್ತಿದ್ದರು. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಕಂಡು ಬೆಳೆದ ನನಗೆ ಇದು ತಕ್ಷಣ ಹೊಳೆಯಿತು. ಬೀಗಿತ್ತಿಗೆ ವಿವರಿಸಿ ಹೇಳಿದಾಗ ಬಹಳ ಸಂತೋಷವಾಯಿತು.

ಆ ಮೆಟ್ಟಿಲಿನಿಂದ ಮುಂದಿನದು ಸುಲಭ. ಮೇಫ್ಲವರ್ ವಂಶಜರ ಸಂಘ 1897ರಲ್ಲಿ ಹುಟ್ಟಿದ್ದು. ಮೊದಲ ಐದು ತಲೆಮಾರುಗಳನ್ನು ಅದು ಸಾಕ್ಷಿಸಮೇತ ಪುಸ್ತಕ ಮಾಡಿಟ್ಟಿದೆ. ಕೊನೆಗೆ ಬಂದು ನಿಂತದ್ದು ರಿಚರ್ಡ್ ಮೋರ್ ಎಂಬ ಹೆಸರಿನಲ್ಲಿ. ಅವನ ಕಲ್ಲನ್ನು ನೋಡಲೆಂದೇ ಇವತ್ತು ಸೇಲಂನ ಚಾರ್ಟರ್ ಸ್ಟ್ರೀಟ್ ಸ್ಮಶಾನಕ್ಕೆ ಹೋದದ್ದು.

1637ರಿಂದ ಇರುವ ಜಾಗ. ಮಾಟಗಾತಿಯರೆಂದು ಜನರನ್ನು ಗಲ್ಲಿಗೇರಿಸಿದ 1692ರ ಮೊಕದ್ದಮೆಗಳ ನ್ಯಾಯಾಧೀಶ ಜಾನ್ ಹಾಥಾರ್ನ್ ಇಲ್ಲಿಯೇ ಮಲಗಿದ್ದಾನೆ. ಬಂದವರಲ್ಲಿ ಹೆಚ್ಚಿನವರು ಹುಡುಕುವುದು ಅವನನ್ನೇ. ನಮಗೆ ಅವನು ಬೇಕಿರಲಿಲ್ಲ. ಮೋರ್‌ನ ಕಲ್ಲು ಸಣ್ಣದು. ಅವನ ಇಬ್ಬರು ಹೆಂಡತಿಯರ ಕಲ್ಲುಗಳೂ ಅಲ್ಲಿಯೇ ಇವೆ. ಹಡಗಿನಲ್ಲಿ ಬಂದ ನೂರೆರಡು ಪ್ರಯಾಣಿಕರಲ್ಲಿ, ಸತ್ತ ಕಾಲದ ಮೂಲ ಗೋರಿಕಲ್ಲು ಇದ್ದ ಜಾಗದಲ್ಲಿಯೇ ಉಳಿದಿರುವುದು ಇವನೊಬ್ಬನದು.

ಆದರೆ ಆ ಕಲ್ಲಿನಲ್ಲಿ ಒಂದು ಸುಳ್ಳಿದೆ. ‘1692ರಲ್ಲಿ ಮೃತ, ಮೇಫ್ಲವರ್ ಯಾತ್ರಿಕ’ ಎಂಬರ್ಥದ ಮಾತುಗಳನ್ನು ಬಹಳ ಕಾಲದ ಮೇಲೆ ಇನ್ನಾರೋ ಸೇರಿಸಿ ಕೆತ್ತಿಸಿದ್ದಾರೆ. ಅವನು 1694ರಲ್ಲಿಯೂ ಬದುಕಿದ್ದನೆಂದು ಕಾಗದಗಳು ಹೇಳುತ್ತವೆ. ಬದಲಾಗದ ಮಾತಿಗೆ ಶಿಲಾಶಾಸನ ಎನ್ನುತ್ತೇವಲ್ಲ, ಆ ಮಾತನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಅಭಿಮಾನಿಗಳ ಪ್ರೀತಿಯೇ ಕಲ್ಲನ್ನು ಕೆಡಿಸಿದ್ದನ್ನು ಕಂಡು ಸಂಕಟವಾಯಿತು. ಇನ್ನು ಮುಂದೆ ಯಾವ ಕಲ್ಲನ್ನೂ ಜೋಡಿ ಕಾಗದವಿಲ್ಲದೆ ನಂಬುವುದಿಲ್ಲ. ರಸ್ತೆ ಬದಿಯ ಫಲಕಗಳಿಗೂ ಇದೇ ಮಾತು. ಮ್ಯಾಸಚೂಸೆಟ್ಸ್ ಬೇ ವಸಾಹತಿನ ಮುನ್ನೂರನೆಯ ವರ್ಷಕ್ಕೆ, 1930ರಲ್ಲಿ ನೆಟ್ಟ ಎರಕದ ಕಬ್ಬಿಣದ ಫಲಕಗಳು ದಾರಿಯುದ್ದಕ್ಕೂ ಸಿಗುತ್ತವೆ. ನಾವು ನಿಂತು ಓದುತ್ತೇವೆ, ಫೋಟೊ ತೆಗೆಯುತ್ತೇವೆ. ಆದರೆ ಅವು ಮುನ್ನೂರು ವರ್ಷದ ನಂತರದವರ ಮಾತು.

ರಿಚರ್ಡ್ ಹಡಗು ಹತ್ತಿದಾಗ ಐದಾರು ವರ್ಷದ ಹುಡುಗ. ಇಂಗ್ಲೆಂಡ್‌ನ ಶ್ರಾಪ್‌ಶೈರ್‌ನವನು. ಮಕ್ಕಳು ತನ್ನವಲ್ಲ ಎಂದು ಶಂಕಿಸಿದ ತಂದೆ, ನಾಲ್ಕು ಮಕ್ಕಳನ್ನೂ ತಾಯಿಯಿಂದ ಕಿತ್ತುಕೊಂಡು, ಹಡಗಿನಲ್ಲಿ ಹೋಗುವ ಕುಟುಂಬಗಳಿಗೆ ಹಂಚಿ, ಸಾಗರದಾಚೆ ಕಳುಹಿಸಿಬಿಟ್ಟ. ಎಲೆನ್, ಜ್ಯಾಸ್ಪರ್, ರಿಚರ್ಡ್, ಮೇರಿ. ಜ್ಯಾಸ್ಪರ್, ಹಡಗಿನವರು ನೆಲೆಯೂರಿದ ಪ್ಲಿಮತ್ ತಲುಪುವ ಮೊದಲೇ ಡಿಸೆಂಬರ್‌ನಲ್ಲಿ ಸತ್ತ. ಎಲೆನ್, ಮೇರಿ ಅದೇ ಚಳಿಗಾಲದಲ್ಲಿ ಹೋದರು. ಉಳಿದವನು ಇವನೊಬ್ಬ. ಬೆಳೆದು, ಹಡಗಿನ ಕ್ಯಾಪ್ಟನ್ ಆಗಿ, ಎಂಬತ್ತರ ಆಸುಪಾಸಿನವರೆಗೆ ಬದುಕಿದ. ಅವನು ಬದುಕಿದ್ದರಿಂದ ನನ್ನ ಮೊಮ್ಮಗ ಇದ್ದಾನೆ. ಕಲ್ಲಿನ ಮುಂದೆ ನಿಂತು ಇದನ್ನೇ ಯೋಚಿಸುತ್ತ ನನಗೆ ಮಾತೇ ಹೊರಡಲಿಲ್ಲ.

ಉಳಿದ ಮೂವರಿಗೆ ಕಲ್ಲಿಲ್ಲ. ಹೋದ ತಿಂಗಳು ಪ್ಲಿಮತ್‌ನ ಕೋಲ್ಸ್ ಹಿಲ್ ಗುಡ್ಡದ ಮೇಲೆ ನಿಂತಿದ್ದೆವು. ಮೊದಲ ಚಳಿಗಾಲದಲ್ಲಿ ಹಡಗಿನವರಲ್ಲಿ ಸುಮಾರು ಅರ್ಧ ಜನ ಸತ್ತರು. ಎಷ್ಟು ಮಂದಿ ಉಳಿದಿದ್ದಾರೆಂದು ಸ್ಥಳೀಯರಿಗೆ ಗೊತ್ತಾಗಬಾರದೆಂದು ರಾತ್ರಿ ಹೊತ್ತು ಹೂತು ನೆಲ ಸಮ ಮಾಡಿದರಂತೆ. ಆಮೇಲಿನ ಕಾಲದಲ್ಲಿ ಮಣ್ಣು ಕುಸಿದಾಗ ಹೊರಬಿದ್ದ ಮೂಳೆಗಳನ್ನು ಈಗ ಒಂದು ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದೇ ಗುಡ್ಡದಲ್ಲಿ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್‌ನ ಪ್ರತಿಮೆಯಿದೆ. ಪಕ್ಕದಲ್ಲಿ 1998ರ ಒಂದು ಫಲಕವಿದೆ. ಯಾತ್ರಿಕರ ಆಗಮನ ತಮಗೆ ಏನಾಯಿತು ಎಂಬುದನ್ನು ಆ ನೆಲದ ಮೂಲ ಜನ ಅದರಲ್ಲಿ ತಮ್ಮ ಮಾತಿನಲ್ಲಿಯೇ ಹೇಳಿದ್ದಾರೆ. 1970ರಿಂದ ಅವರು ಥ್ಯಾಂಕ್ಸ್‌ಗಿವಿಂಗ್ ದಿನ ಅಲ್ಲಿ ಶೋಕದಿನ ಆಚರಿಸುತ್ತಾರೆ. ಪ್ಲಿಮತ್ ಎದ್ದ ಜಾಗದಲ್ಲಿ ಮೊದಲು ಪಟುಕ್ಸೆಟ್ ಎಂಬ ಅವರ ಊರಿತ್ತು. ಹಡಗು ಬರುವ ಕೆಲವೇ ವರ್ಷ ಮೊದಲು ಸಾಂಕ್ರಾಮಿಕ ರೋಗ ಆ ಊರನ್ನು ಪೂರ್ತಿ ಬಲಿ ತೆಗೆದುಕೊಂಡಿತ್ತು. ಆ ಊರಿನ ಒಬ್ಬರಿಗೂ ಗೋರಿಕಲ್ಲಿಲ್ಲ.

ನಾನು ಈವರೆಗೆ ನೋಡಿದ ಕಲ್ಲುಗಳಲ್ಲಿ ಎದೆಯಲ್ಲಿ ಉಳಿದದ್ದು ಬೀಗಿತ್ತಿಯ ವಂಶದವರದ್ದಲ್ಲ. ಜುಲೈನಲ್ಲಿ ರೋಡ್ ಐಲ್ಯಾಂಡ್‌ನ ನ್ಯೂಪೋರ್ಟ್‌ಗೆ ಹೋಗಿದ್ದೆವು. ಅಲ್ಲಿನ ಹಳೆಯ ಸ್ಮಶಾನದಲ್ಲಿ ಆಫ್ರಿಕಾ ಮೂಲದವರನ್ನು ಹೂತ ಭಾಗಕ್ಕೆ ‘ಗಾಡ್ಸ್ ಲಿಟಲ್ ಏಕರ್’ ಎನ್ನುತ್ತಾರೆ. 1705ರಲ್ಲಿ ಆರಂಭವಾದ ಸ್ಟೀವನ್ಸ್ ಮನೆತನದ ಕಲ್ಲು ಕೆತ್ತುವ ಅಂಗಡಿ ಆ ಊರಿನಲ್ಲಿ ಈಗಲೂ ನಡೆಯುತ್ತಿದೆ. ಆ ಅಂಗಡಿಯಲ್ಲಿ ಗುಲಾಮನಾಗಿದ್ದ ಪಾಂಪ್ ಸ್ಟೀವನ್ಸ್ ತನ್ನ ಸಹೋದರ ಕಫ್ ಗಿಬ್ಸ್‌ನಿಗೆ ಒಂದು ಕಲ್ಲು ಕೆತ್ತಿದ್ದಾನೆ. ಈ ಕಲ್ಲನ್ನು ಪಾಂಪ್ ಸ್ಟೀವನ್ಸ್ ಕಡಿದನು, 1768ರ ಡಿಸೆಂಬರ್ 27ರಂದು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ತನ್ನ ಸಹೋದರನ ನೆನಪಿಗೆ, ಎಂದು ತನ್ನ ಹೆಸರನ್ನು ಮೊದಲಿಟ್ಟು ಬರೆದಿದ್ದಾನೆ. ಇಬ್ಬರ ಅಡ್ಡಹೆಸರೂ ಬೇರೆ, ಏಕೆಂದರೆ ಇಬ್ಬರ ಮಾಲೀಕರು ಬೇರೆ. ತನ್ನ ಮೈಯೇ ತನ್ನದಲ್ಲದವನು ಕಲ್ಲಿನ ಮೇಲೆ ‘ಇದು ನಾನು ಕಡಿದದ್ದು’ ಎಂದು ಬರೆದಿದ್ದಾನೆ. ಆ ಒಂದು ವಾಕ್ಯಕ್ಕೆ ಸಮನಾದ ವಾಕ್ಯ ನನಗೆ ಬೇರೆಲ್ಲಿಯೂ ಸಿಗಲಿಲ್ಲ.

ಅದನ್ನು ನೋಡಿ ಬಂದ ಮೇಲೆಯೇ ಬೀಗಿತ್ತಿಗೆ ಆ ಇನ್ನೊಂದು ಕಾಗದ ಸಿಕ್ಕಿದ್ದು. ಅವರ ಪೂರ್ವಿಕನೊಬ್ಬ ಸತ್ತಾಗ ಮಾಡಿದ ಆಸ್ತಿಪಟ್ಟಿ. ಹಾಸಿಗೆ, ಹಿತ್ತಾಳೆ ಪಾತ್ರೆ, ಎರಡು ಹಸು, ಅದರ ಕೆಳಗೆ ಒಬ್ಬ ಕಪ್ಪು ಹುಡುಗಿ, ಎದುರಿಗೆ ಬೆಲೆ. ಹೆಸರಿಲ್ಲ. ಬೀಗಿತ್ತಿ ಎರಡು ದಿನ ನೋಟ್‌ಬುಕ್ ತೆರೆಯಲಿಲ್ಲ. ಮೂರನೆಯ ದಿನ ಆ ಪೂರ್ವಿಕನ ಪುಟದಲ್ಲಿ ಆ ಹುಡುಗಿಗೂ ಒಂದು ಸಾಲು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟರು. ಮೊಮ್ಮಗನಿಗೆ ತೋರಿಸುವುದೋ ಬೇಡವೋ ಎಂದು ನನ್ನನ್ನು ಕೇಳಿದರು. ತೋರಿಸಲೇಬೇಕು ಎಂದೆ. ಅವನ ರಕ್ತದಲ್ಲಿ ಆ ಮನೆಯೂ ಇದೆ.

ಸಂಜೆ ಮನೆಗೆ ಬಂದಾಗ ಮಗ ಮಹಾಲಯದ ಸಾಮಾನು ತಂದಿಟ್ಟಿದ್ದ. ಬುಧವಾರ ಅಮಾವಾಸ್ಯೆ. ಎಳ್ಳು, ದರ್ಭೆ ಎಲ್ಲ ಸಿಕ್ಕಿದೆ. ಪ್ರತಿ ವರ್ಷದಂತೆ ತರ್ಪಣದ ಹೆಸರುಗಳ ಪಟ್ಟಿ ಬರೆದುಕೊಡಲು ಕೇಳಿದ. ಬರೆಯುತ್ತ ಕೂತೆ. ನಮ್ಮ ಮೂರು ತಲೆಮಾರು, ನನ್ನ ತವರಿನವರು, ಆಮೇಲೆ ಕಾರುಣ್ಯ ಪಿತೃಗಳು. ಸೋದರಮಾವ, ಗುರುಗಳು, ಸ್ನೇಹಿತರು, ಮಕ್ಕಳಿಲ್ಲದೆ ಹೋದ ಚಿಕ್ಕಮ್ಮ. ಆ ಸಾಲಿನಲ್ಲಿಯೇ ಎಲೆನ್, ಜ್ಯಾಸ್ಪರ್, ಮೇರಿ ಎಂದು ಸೇರಿಸಿದೆ. ಕಫ್ ಎಂದು ಬರೆದೆ. ಆಸ್ತಿಪಟ್ಟಿಯ ಹುಡುಗಿಗೆ ಒಂದು ಗೆರೆ ಎಳೆದೆ. ಬೀಗಿತ್ತಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಕನ್ನಡದಲ್ಲಿ ಯಾವುದು ಯಾರ ಹೆಸರು ಎಂದು ಬೆರಳಿಟ್ಟು ಕೇಳಿದರು.

ಮಗ ಪಟ್ಟಿ ಓದಿದ. ಏಕೆ, ಯಾರು ಎಂದು ಕೇಳಲಿಲ್ಲ. “ಅಮ್ಮಾ, ಇವರಿಗೆ ಗೋತ್ರ ಏನೆಂದು ಹೇಳಲಿ?” ಎಂದಷ್ಟೇ ಕೇಳಿದ.

ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹಾಗೆಯೇ ಹೇಳು ಎಂದೆ.