ಬಾಬ್ ಮಾರ್ಲಿಯ ಮಗನಾಗಿರದಿದ್ದರೆ ಡೇಮಿಯನ್ ಮಾರ್ಲಿಯನ್ನು ಯಾರು ಕೇಳುತ್ತಿದ್ದರು?

ಜಮೈಕಾದ ರೆಗ್ಗೆ ಸಂಗೀತದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಬಾಬ್ ಮಾರ್ಲಿಯ ಹೆಸರು ಕೇಳದವರು ಕಡಿಮೆ. ಅವರ ಮಕ್ಕಳಲ್ಲಿ ಹಲವರು ಸಂಗೀತಗಾರರೇ ಆಗಿದ್ದಾರೆಂಬುದೂ ಬಹಳ ಜನರಿಗೆ ಗೊತ್ತು. ಕಿರಿಯ ಮಗ ಡೇಮಿಯನ್ ಅವರ ಹಾಡುಗಳನ್ನು ನಾನು ಮೆಚ್ಚಿ ಮಾತಾಡಿದೊಡನೆ, ಅದೆಲ್ಲ ಅಪ್ಪನ ಹೆಸರಿನ ಬಲವಲ್ಲವೇ ಎಂದು ಕೇಳುತ್ತಾರೆ. ಆ ಹೆಸರಿನಿಂದ ಅವರಿಗೆ ಅನುಕೂಲವಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಹಿರಿಯರಿಂದ ಬಂದದ್ದನ್ನು ಎತ್ತಿಕೊಂಡು ಮುಂದುವರಿಸುವುದೇ ರೆಗ್ಗೆ ಸಂಗೀತದ ಕ್ರಮವಾಗಿರುವುದರಿಂದ, ಅವರಿಗೆ ಏನು ಸಿಕ್ಕಿತು ಎಂಬುದಕ್ಕಿಂತ ಸಿಕ್ಕಿದ್ದರಿಂದ ಅವರು ಏನು ಮಾಡಿದರು ಎಂಬುದನ್ನು ನೋಡಬೇಕೆಂದು ನಾನು ಭಾವಿಸುತ್ತೇನೆ.

ಡೇಮಿಯನ್ ಹುಟ್ಟಿದ್ದು 1978ರ ಜುಲೈ 21ರಂದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ತಾಯಿ ಸಿಂಡಿ ಬ್ರೇಕ್‌ಸ್ಪಿಯರ್ 1976ರ ಮಿಸ್ ವರ್ಲ್ಡ್. 1981ರ ಮೇ 11ರಂದು ಬಾಬ್ ಮಾರ್ಲಿ ಕ್ಯಾನ್ಸರ್‌ನಿಂದ ಮಯಾಮಿಯಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ, ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಹಾಗಾಗಿ ತಂದೆಯ ಎದುರು ಕುಳಿತು ಪಾಠ ಹೇಳಿಸಿಕೊಳ್ಳುವ ಅವಕಾಶ ಈ ಮಗನಿಗೆ ಒದಗಲೇ ಇಲ್ಲ. ಒದಗಿದ್ದು ಅಣ್ಣಂದಿರು. ಬಾಬ್ ಮತ್ತು ಅವರ ಪತ್ನಿ ರೀಟಾ ಅವರ ಮನೆಯ ಮಕ್ಕಳಾದ ಜಿಗ್ಗಿ, ಸ್ಟೀಫನ್, ಸೆಡೆಲ್ಲಾ, ಶ್ಯಾರನ್ ಸೇರಿ ‘ಮೆಲೊಡಿ ಮೇಕರ್ಸ್’ ಎಂಬ ತಂಡವಾಗಿ ತಂದೆ ಬದುಕಿದ್ದಾಗಲೇ, 1979ರಲ್ಲಿ, ಮೊದಲ ಹಾಡನ್ನು ಧ್ವನಿಮುದ್ರಿಸಿದ್ದರು. ಅವರಲ್ಲಿ ಸ್ಟೀಫನ್ ಮುಂದೆ ಡೇಮಿಯನ್ ಅವರ ಆಲ್ಬಮ್‌ಗಳ ಮುಖ್ಯ ನಿರ್ಮಾಪಕರಾದರು. ಧ್ವನಿ ಎಲ್ಲಿ ನಿಲ್ಲಬೇಕು, ಬೇಸ್ ಎಷ್ಟು ಮುಂದೆ ಬರಬೇಕು ಎಂದು ನಿರ್ಧರಿಸುವ ಆ ಅಣ್ಣನ ಕಿವಿಯೇ ಡೇಮಿಯನ್ ಅವರಿಗೆ ಮನೆತನದಿಂದ ದಕ್ಕಿದ ದೊಡ್ಡ ಆಸ್ತಿ ಎಂಬುದು ನನ್ನ ಅಭಿಪ್ರಾಯ. ಹದಿಮೂರನೆಯ ವಯಸ್ಸಿನ ಹೊತ್ತಿಗೆ ಅವರು ‘ಶೆಫರ್ಡ್ಸ್’ ಎಂಬ ತಂಡ ಕಟ್ಟಿದ್ದರು. ಅದರಲ್ಲಿ ಗಾಯಕ ಫ್ರೆಡ್ಡಿ ಮೆಕ್‌ಗ್ರೆಗರ್ ಅವರ ಮಗಳೂ ‘ಥರ್ಡ್ ವರ್ಲ್ಡ್’ ತಂಡದ ಗಿಟಾರ್ ವಾದಕ ಕ್ಯಾಟ್ ಕೋರ್ ಅವರ ಮಗನೂ ಇದ್ದರು.

ಇಷ್ಟರವರೆಗೆ ಓದಿದವರು ಪ್ರಶ್ನಿಸುವವರ ಪಕ್ಷವನ್ನೇ ವಹಿಸಬಹುದು. ಆದರೆ ಇಲ್ಲಿಂದ ಮುಂದೆ ಡೇಮಿಯನ್ ಹಿಡಿದ ದಾರಿ ತಂದೆಯದ್ದಲ್ಲ. ಬಾಬ್ ಮಾರ್ಲಿ ಗಾಯಕರು. ಡೇಮಿಯನ್ ಮೊದಲಿನಿಂದಲೂ ಮುಖ್ಯವಾಗಿ ಡೀಜೆ, ಎಂದರೆ ಜಮೈಕಾದ ರೂಢಿಯಂತೆ, ನುಡಿಯುತ್ತಿರುವ ಸಂಗೀತದ ಮೇಲೆ ಲಯಬದ್ಧವಾಗಿ ಮಾತು ಕಟ್ಟುವವರು. ಬೀದಿಯಲ್ಲಿ ದೊಡ್ಡ ಸ್ಪೀಕರುಗಳನ್ನು ಪೇರಿಸಿ ಹಾಡು ಹಾಕುತ್ತಿದ್ದ ಸೌಂಡ್ ಸಿಸ್ಟಮ್‌ಗಳಲ್ಲಿ ಈ ಕಲೆ ಬೆಳೆಯಿತು. 1970ರಲ್ಲಿ ಡೀಜೆ ಯು-ರಾಯ್ ಅವರು ನಿರ್ಮಾಪಕ ಡ್ಯೂಕ್ ರೀಡ್ ಅವರ ಟ್ರೆಷರ್ ಐಲ್ ಸ್ಟುಡಿಯೊದ ಹಳೆಯ ಹಾಡುಗಳ ಮೇಲೆ ಮಾತು ಕಟ್ಟಿ ಜಮೈಕಾದ ಜನಪ್ರಿಯತೆಯ ಪಟ್ಟಿಯ ತುದಿಗೇರಿದ ಮೇಲೆ ಅದಕ್ಕೆ ಧ್ವನಿಮುದ್ರಿಕೆಗಳ ಲೋಕದಲ್ಲೂ ಗೌರವದ ಸ್ಥಾನ ಸಿಕ್ಕಿತು. ಡೇಮಿಯನ್ ಹರೆಯಕ್ಕೆ ಬರುವಾಗ ಸೂಪರ್ ಕ್ಯಾಟ್, ಶಬ್ಬಾ ರ‍್ಯಾಂಕ್ಸ್ ಮೊದಲಾದ ಡೀಜೆಗಳ ಡಾನ್ಸ್‌ಹಾಲ್ ಎಂಬ ಸಂಗೀತವೇ ಕಿಂಗ್‌ಸ್ಟನ್ನನ್ನು ಆಳುತ್ತಿತ್ತು. ತಂದೆಯ ಕಂಠವನ್ನು ಅನುಕರಿಸಿದ್ದರೆ ಸುಲಭವಾಗಿ ಹೆಸರು ಗಳಿಸಬಹುದಾಗಿದ್ದ ಹುಡುಗ, ಬಾಬ್ ಮಾರ್ಲಿಯ ವಾರಸುದಾರಿಕೆ ಯಾವ ನೆರವಿಗೂ ಬಾರದ ಈ ವಿದ್ಯೆಯನ್ನು ಆರಿಸಿಕೊಂಡರು.

ಜಮೈಕಾದಲ್ಲಿ ಬೇಸ್ ಮತ್ತು ಡ್ರಮ್ ಕೂಡಿದ ಒಂದು ಸಂಗೀತದ ತಳಹದಿಗೆ ರಿದಿಮ್ ಎನ್ನುತ್ತಾರೆ. ಒಂದೇ ರಿದಿಮ್ ಮೇಲೆ ಹತ್ತಾರು ಕಲಾವಿದರು ದಶಕಗಳ ಕಾಲ ತಮ್ಮ ತಮ್ಮ ಹಾಡುಗಳನ್ನು ಕಟ್ಟುತ್ತಾರೆ. 2005ರಲ್ಲಿ ಡೇಮಿಯನ್ ಅವರಿಗೆ ಜಗತ್ತಿನಾದ್ಯಂತ ಹೆಸರು ತಂದ ‘ವೆಲ್ಕಮ್ ಟು ಜಾಮ್‌ರಾಕ್’ ನಿಂತಿರುವುದೂ ಅಂತಹ ರಿದಿಮ್ ಮೇಲೆಯೇ: ಡ್ರಮ್ ವಾದಕ ಸ್ಲೈ ಡನ್‌ಬಾರ್ ಮತ್ತು ಬೇಸ್ ವಾದಕ ರಾಬಿ ಶೇಕ್ಸ್‌ಪಿಯರ್ 1980ರ ದಶಕದಲ್ಲಿ ಜಮೈಕಾದ ಕಲಾವಿದ ಇನಿ ಕಮೋಜಿ ಅವರ ‘ವರ್ಲ್ಡ್ ಎ ಮ್ಯೂಸಿಕ್’ ಹಾಡಿಗಾಗಿ ಕಟ್ಟಿದ ಸಂಗೀತ ಅದು. ಸ್ಟೀಫನ್ ಮತ್ತು ಡೇಮಿಯನ್ ಆ ಭಾರವಾದ ಬೇಸನ್ನು ಹಾಗೆಯೇ ಉಳಿಸಿಕೊಂಡು, ಕಮೋಜಿಯವರ ಧ್ವನಿಯ ಒಂದು ಸಾಲನ್ನು ಪಲ್ಲವಿಯಂತೆ ಮತ್ತೆ ಮತ್ತೆ ಬರಿಸಿದರು. ಅದರ ಮೇಲೆ ಡೇಮಿಯನ್ ಹೇಳುವುದು, ಪ್ರವಾಸಿಗರು ಕಡಲತೀರದ ಹೋಟೆಲುಗಳ ಆವರಣದಿಂದ ಆಚೆ ಬಂದು ನೋಡದ ಜಮೈಕಾವನ್ನು: ಹಸಿವು, ಬಂದೂಕು ಹಿಡಿದ ಹುಡುಗರು, ಮಾತು ಕೊಟ್ಟು ಕೈಬಿಡುವ ರಾಜಕಾರಣಿಗಳು.

ಈ ಹಾಡನ್ನು ಕೇಳುವಾಗ ನನಗೆ ತಪ್ಪದೆ ನೆನಪಾಗುವುದು 1978ರ ಏಪ್ರಿಲ್ 22. ಎರಡು ಪಕ್ಷಗಳ ಬೆಂಬಲಿಗರ ನಡುವಿನ ರಕ್ತಪಾತ ನಿಲ್ಲಲಿ ಎಂದು ಕಿಂಗ್‌ಸ್ಟನ್‌ನಲ್ಲಿ ನಡೆದ ‘ಒನ್ ಲವ್’ ಶಾಂತಿ ಸಂಗೀತ ಕಛೇರಿಯಲ್ಲಿ ಬಾಬ್ ಮಾರ್ಲಿ, ಪ್ರಧಾನಿ ಮೈಕಲ್ ಮ್ಯಾನ್ಲಿ ಮತ್ತು ಪ್ರತಿಪಕ್ಷದ ನಾಯಕ ಎಡ್ವರ್ಡ್ ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಅವರ ಕೈಗಳನ್ನು ಕೂಡಿಸಿದ್ದರು. ಡೇಮಿಯನ್ ಹುಟ್ಟಿದ್ದು ಅದಾಗಿ ಮೂರು ತಿಂಗಳಿಗೆ. ಆ ಕೈಗಳು ಕೂಡಿದ ಮೇಲೂ ಹಿಂಸೆ ನಿಲ್ಲಲಿಲ್ಲ ಎಂಬುದನ್ನು ಇಪ್ಪತ್ತೇಳು ವರ್ಷಗಳ ಅನಂತರ ಅದೇ ಮನೆಯ ಮಗ ಜಗತ್ತಿಗೆ ಕೇಳಿಸುವಂತೆ ಹೇಳಬೇಕಾಯಿತು. ತಂದೆಯ ಹಾಡುಗಳನ್ನೇ ಹಾಡಿಕೊಂಡು ತಿರುಗುವ ಮಗನಿಂದ ಈ ಕೆಲಸ ಆಗುತ್ತಿರಲಿಲ್ಲ.

ಸಿರಿವಂತರ ಬಡಾವಣೆಯಲ್ಲಿ ಬೆಳೆದವರಿಗೆ ಬಡಕೇರಿಯ ಬಗ್ಗೆ ಮಾತಾಡುವ ಅಧಿಕಾರವಿದೆಯೇ ಎಂದೂ ಕೆಲವರು ಕೇಳುವುದುಂಟು. ಇದು ನ್ಯಾಯವಾದ ಪ್ರಶ್ನೆ. ಡೇಮಿಯನ್ ಬೆಳೆದದ್ದು ನಗರದ ಮೇಲಿನ ಗುಡ್ಡಗಳಲ್ಲಿರುವ ಸ್ಟೋನಿ ಹಿಲ್‌ನಲ್ಲಿ. ತಂದೆ ಬೆಳೆದದ್ದು ಟ್ರೆಂಚ್‌ಟೌನ್ ಕೇರಿಯಲ್ಲಿ. ಡೇಮಿಯನ್ ಇದನ್ನು ಎಂದೂ ಮುಚ್ಚಿಡಲಿಲ್ಲ. 2001ರ ಆಲ್ಬಮ್‌ಗೆ ಅವರು ಇಟ್ಟದ್ದು ಹಾಫ್‌ವೇ ಟ್ರೀ ಎಂಬ ಹೆಸರು, ಕಿಂಗ್‌ಸ್ಟನ್ನಿನ ಈ ಎರಡು ಲೋಕಗಳ ನಡುವಿನ ಜನನಿಬಿಡ ವೃತ್ತದ್ದು. 2017ರ ಆಲ್ಬಮ್‌ಗೆ ತಾವು ಬೆಳೆದ ಸ್ಟೋನಿ ಹಿಲ್‌ನ ಹೆಸರನ್ನೇ ಇಟ್ಟರು.

ಪ್ರಶಸ್ತಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಈ ಎರಡೂ ಆಲ್ಬಮ್‌ಗಳಿಗೆ ರೆಗ್ಗೆ ವಿಭಾಗದ ಗ್ರ್ಯಾಮಿ ಬಂತು. ‘ವೆಲ್ಕಮ್ ಟು ಜಾಮ್‌ರಾಕ್’ಗೆ 2006ರಲ್ಲಿ ಅದರ ಜೊತೆಗೆ ಆ ವಿಭಾಗದಾಚೆ ಇನ್ನೊಂದು ಗ್ರ್ಯಾಮಿಯೂ ಸೇರಿತು. ಆ ವಿಭಾಗ ಆರಂಭವಾದದ್ದೇ ಬಾಬ್ ಮಾರ್ಲಿ ತೀರಿಕೊಂಡ ಮೇಲಾದ್ದರಿಂದ, ತಂದೆಗೆ ದೊರೆಯದ ಮನ್ನಣೆ ಮಗನಿಗೆ ದೊರೆತದ್ದನ್ನು ಯೋಗ್ಯತೆಯ ಅಳತೆಗೋಲಾಗಿ ಬಳಸುವುದು ಸರಿಯಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು 2010ರ ‘ಡಿಸ್ಟೆಂಟ್ ರೆಲೆಟಿವ್ಸ್’. ನ್ಯೂಯಾರ್ಕಿನ ರ‍್ಯಾಪ್ ಕಲಾವಿದ ನ್ಯಾಸ್ ಅವರೊಡನೆ ಮಾಡಿದ ಈ ಆಲ್ಬಮ್ ಇಥಿಯೋಪಿಯಾದ ಸಂಗೀತಗಾರ ಮುಲಾಟು ಅಸ್ಟಾಟ್ಕೆ, ಮಾಲಿಯ ಅಮಾಡು ಮತ್ತು ಮರಿಯಮ್ ಅವರ ಧ್ವನಿಮುದ್ರಣಗಳನ್ನು ಬಳಸಿಕೊಂಡು ಆಫ್ರಿಕಾದತ್ತ ತಿರುಗುತ್ತದೆ. ನ್ಯಾಸ್ ಕೂಡ ಸಂಗೀತಗಾರ ಓಲು ದಾರಾ ಅವರ ಮಗ. 2011ರಲ್ಲಿ ಮಿಕ್ ಜಾಗರ್, ಡೇವ್ ಸ್ಟೀವರ್ಟ್, ಜಾಸ್ ಸ್ಟೋನ್ ಮತ್ತು ನಮ್ಮ ಎ. ಆರ್. ರೆಹಮಾನ್ ಅವರ ಜೊತೆ ‘ಸೂಪರ್‌ಹೆವಿ’ ತಂಡದಲ್ಲೂ ಡೇಮಿಯನ್ ಇದ್ದರು. ಆ ಆಲ್ಬಮ್‌ನಲ್ಲಿ ‘ಸತ್ಯಮೇವ ಜಯತೇ’ ಎಂಬ ಹಾಡೂ ಇದೆ ಎಂಬ ಕಾರಣಕ್ಕೆ ನಮ್ಮವರು ಕುತೂಹಲದಿಂದ ಹುಡುಕುತ್ತಾರೆ. ಆದರೆ ಐದು ಜನ ಸಮರ್ಥರು ಪರಸ್ಪರ ದಾರಿ ಬಿಟ್ಟುಕೊಡುವುದರಲ್ಲೇ ಸಮಯ ಕಳೆದಂತೆ ನನಗೆ ಅದು ಕೇಳಿಸುತ್ತದೆ.

ಮೇಲಿನ ಪ್ರಶ್ನೆ ಕೇಳುವವರಿಗೆ ನಾನು ಹೇಳುವುದಿಷ್ಟು: ಮೊದಲು ಇನಿ ಕಮೋಜಿ ಅವರ ‘ವರ್ಲ್ಡ್ ಎ ಮ್ಯೂಸಿಕ್’ ಕೇಳಿ, ಅದರ ಬೇಸ್ ಮನಸ್ಸಿನಲ್ಲಿ ನಿಂತ ಮೇಲೆ ‘ವೆಲ್ಕಮ್ ಟು ಜಾಮ್‌ರಾಕ್’ ಕೇಳಿ. ಆಮೇಲೆ ಅದೇ ಹೆಸರಿನ ಆಲ್ಬಮ್‌ನಲ್ಲಿ ನ್ಯಾಸ್ ಜೊತೆಗಿರುವ ‘ರೋಡ್ ಟು ಜಯಾನ್’ ಹಾಕಿಕೊಳ್ಳಿ. ಸಾಧ್ಯವಾದರೆ ಫೋನಿನ ಸಣ್ಣ ಸ್ಪೀಕರಿನಲ್ಲಿ ಅಲ್ಲ, ಬೇಸ್ ಸರಿಯಾಗಿ ಕೇಳಿಸುವ ಹೆಡ್‌ಫೋನಿನಲ್ಲಿ.